ಎಷ್ಟು ಜನ ಕೂರಬಹುದು

ಗಾಡಿ ತೆಗೆದುಕೊಳ್ಳುವ ಮಾತನ್ನು ಸಣ್ಣಬೀರಯ್ಯ ಮೊದಲು ಎತ್ತಿದ್ದು ಊಟದ ನಡುವೆ, ಇನ್ನೊಂದು ಸೌಟು ಸಾರು ಕೇಳುವಷ್ಟೇ ಸಲೀಸಾಗಿ. ಆ ವರ್ಷ ಹೊಗೆಸೊಪ್ಪಿಗೆ ಹಿಂದೆಂದೂ ಕಾಣದ ಬೆಲೆ ಬಂದಿತ್ತು. ರಾವಂದೂರಿನ ಸುತ್ತ ಸೊಪ್ಪು ಬೇಯಿಸುವ ಬ್ಯಾರನ್ ಇದ್ದವರ ಮನೆಗಳಲ್ಲೆಲ್ಲ ಏನಾದರೊಂದು ಹೊಸದು ಕಾಣಿಸಿಕೊಳ್ಳುತ್ತಿತ್ತು. ಒಬ್ಬರ ಮನೆಗೆ ಗ್ರಾನೈಟು ನೆಲ, ಇನ್ನೊಬ್ಬರ ಮನೆಗೆ ಗೋಡೆಯಗಲದ ಟೀವಿ. ಸಣ್ಣಬೀರಯ್ಯನ ಅಂಗಳದಲ್ಲಿ ಟ್ರಾಕ್ಟರು ಮೊದಲೇ ನಿಂತಿತ್ತು.

"ಇನ್ನು ಮನೆಯೋರೆಲ್ಲ ಒಟ್ಟಿಗೆ ಕುಂತು ಓಡಾಡೋ ಅಂಥದ್ದು ಒಂದು ಬೇಕು ಕಣ್ರಪ್ಪ," ಎಂದ ಆತ. "ಹತ್ತು ಜನ ಕೂರೋ ಸುಮೋನೇ ಸರಿ."

ಅವರೆಕಾಳು ಸಾರಿನ ಪಾತ್ರೆ ಹಿಡಿದು ನಿಂತಿದ್ದ ಕಾವ್ಯಶ್ರೀ ಗಂಡನ ಮುಖ ನೋಡಿದಳು. ಹಿರಿಯ ಮಗ ಚಲುವರಾಜು ತಟ್ಟೆಯ ಮುದ್ದೆಯನ್ನು ಬಹಳ ಎಚ್ಚರಿಕೆಯಿಂದ ಮುರಿಯುತ್ತಿದ್ದ, ಒಳಗೆ ಏನೋ ಇದೆಯೆಂಬಂತೆ.

ಕಿರಿಯವನಾದ ಸ್ವಾಮಿ ಮಾತ್ರ ತುತ್ತನ್ನು ತಟ್ಟೆಗೆ ಹಾಕಿ ತಲೆ ಎತ್ತಿದ. ತೆಗೆದುಕೊಂಡರೆ ಸ್ಕಾರ್ಪಿಯೋ ತೆಗೆದುಕೊಳ್ಳಬೇಕು, ಎತ್ತರ ಏನು, ಮುಂದಿನ ಮೋರೆ ಏನು ಎಂದು ಶುರುಮಾಡಿದ. ಮೋರೆ ನೋಡಿಕೊಂಡು ಏನು ಮಾಡುತ್ತೀಯ, ನೀನು ಒಳಗೆ ಕೂರುತ್ತೀಯೋ ಹೊರಗೆ ನಿಲ್ಲುತ್ತೀಯೋ ಎಂದು ಅವ್ವ ಪುಟ್ಟಸಿದ್ದಮ್ಮ ಕೇಳಿದಳು. ಮೂಲೆಯಲ್ಲಿ ಕೂತಿದ್ದ ಮುದುಕಿ ಚಿಕ್ಕಬೀರಮ್ಮ, ಅಂದರೆ ಸಣ್ಣಬೀರಯ್ಯನ ತಾಯಿ, ತನಗೆ ಬಸ್ಸೇ ಸಾಕು, ಬಸ್ಸಿನಲ್ಲಾದರೆ ನಾಲ್ಕು ಜನ ಮಾತಿಗೆ ಸಿಗುತ್ತಾರೆ ಎಂದಳು.

ಮನೆಯಲ್ಲಿದ್ದವರು ಏಳು ಜನ. ಈ ಆರು ದೊಡ್ಡವರು, ಮತ್ತೆ ಕಾವ್ಯಶ್ರೀಯ ಮಗಳು ಅನು. ಹತ್ತು ಸೀಟು ಯಾಕೆ ಎಂದು ಚಲುವರಾಜು ತಲೆ ಎತ್ತದೆ ಕೇಳಿದ. ಮದುವೆಯಾಗಿ ಹೋದ ಮಗಳು ರೂಪಶ್ರೀ ಗಂಡ ಮಕ್ಕಳೊಂದಿಗೆ ಬಂದರೆ, ನಾಳೆ ಸ್ವಾಮಿಗೆ ಮದುವೆಯಾದರೆ, ಅವನಿಗೆ ಮಕ್ಕಳಾದರೆ ಎಂದು ಸಣ್ಣಬೀರಯ್ಯ ಬೆರಳು ಮಡಿಸಿದ. ಎರಡು ಕೈಯ ಬೆರಳೂ ಮುಗಿದವು.

ಇತ್ತ ಕಾವ್ಯಶ್ರೀ ಮತ್ತು ಚಲುವರಾಜು ಹುಣಸೂರಿನಲ್ಲಿ ಬಾಡಿಗೆ ಮನೆ ನೋಡಿ ಬಂದು ಹದಿನೈದು ದಿನ ಕಳೆದಿತ್ತು. ಚಲುವರಾಜು ಅಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದ. ಬೆಳಗಿನ ಮೊದಲ ಬಸ್ಸಿಗೆ ಹೋದರೆ ಕೊನೆಯ ಬಸ್ಸಿಗೆ ಬರುತ್ತಿದ್ದ. ಅನು ಎಷ್ಟೋ ಸಲ ಅಪ್ಪನನ್ನು ಮಲಗಿರುವಾಗಲೇ ನೋಡುವುದು. ಜೂನಿಗೆ ಅವಳನ್ನು ಹುಣಸೂರಿನ ಶಾಲೆಗೆ ಸೇರಿಸಿ, ಮೂವರೂ ಅಲ್ಲೇ ಇರುವುದೆಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು. ಬಾಡಿಗೆ ಮನೆಯ ಮಾಲೀಕನಿಗೆ ಮಾತೂ ಕೊಟ್ಟಾಗಿತ್ತು. ಅಪ್ಪನಿಗೆ ಹೇಳುವುದೊಂದು ಬಾಕಿ. ಅದನ್ನು ಚಲುವರಾಜು ಸೊಪ್ಪಿನ ಹರಾಜು ಮುಗಿಯಲಿ ಎಂದು ಮುಂದೂಡಿದ್ದ. ಈಗ ಗಾಡಿ ಬರಲಿ ಎಂದ.

"ಹತ್ತು ಸೀಟಿನ ಗಾಡಿ ಬಂದು ನಿಂತ ಮೇಲೆ ಯೋಳ್ತೀರಾ, ನಾವು ಮೂರು ಜನ ಬರಲ್ಲ ಅಂತ?" ಎಂದು ಕಾವ್ಯಶ್ರೀ ಮಾರನೆಯ ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೇಳಿದಳು.

"ಮತ್ತೆ ಈಗ್ಲೇ ಯೋಳ್ಲಾ? ಈಗ ಯೋಳಿದ್ರೆ ಗಾಡಿನೂ ಇಲ್ಲ, ನೆಮ್ದಿನೂ ಇಲ್ಲ. ಸಣ್ಣದು ತಕ್ಕೊಳಂಗೆ ಮಾಡು. ಆಮೇಲೆ ಎಲ್ಲ ಸರಿಯೋಯ್ತದೆ."

ಆ ಸಣ್ಣದು ಯಾವುದು ಎಂಬುದು ಇಬ್ಬರಿಗೂ ಗೊತ್ತಿತ್ತು. ಎಚ್.ಡಿ. ಕೋಟೆಯ ಗಿರಾಕಿಯೊಬ್ಬರು ಸುಟ್ಟುಹೋದ ಮೋಟಾರನ್ನು ಅದರಲ್ಲೇ ಹಾಕಿಕೊಂಡು ಅಂಗಡಿಗೆ ಬಂದಿದ್ದರು. ಯಾವುದೋ ಕಂಪನಿ ತನ್ನ ಹಳೆಯ ಉದ್ದನೆಯ ಜೀಪನ್ನೇ ಹಿಂದೆ ಮುಂದೆ ತರಿದು, ಹೊಸ ಮೋರೆ ಕೊಟ್ಟು, ಕಾರಿಗಿಂತ ಒಂದು ಗೇಣು ಎತ್ತರ ಉಳಿಸಿ ಬಿಟ್ಟಿತ್ತು. ಐದು ಸೀಟು. ಬಾಡಿಗೆ ಮನೆ ನೋಡಲು ಬಂದ ದಿನ ಅಂಗಡಿಯಲ್ಲಿದ್ದ ಕಾವ್ಯಶ್ರೀ ಅದನ್ನು ಸುತ್ತು ಬಂದು ನೋಡಿದ್ದಳು. ಬಾಗಿಲು ತೆಗೆಸಿ ಕೂತೂ ನೋಡಿದ್ದಳು.

ಆಮೇಲೆ ಕೆಲವು ವಾರ ಆ ಮನೆಯಲ್ಲಿ ಊಟಕ್ಕೆ ಕೂತರೆ ಗಾಡಿ, ಸೊಪ್ಪು ವಿಂಗಡಿಸಲು ಕೂತರೆ ಗಾಡಿ. ಸೊಪ್ಪನ್ನು ಬಣ್ಣ ನೋಡಿ, ಮುಟ್ಟಿ, ಎಲೆಯ ಬುಡ ಮೂಸಿ ಗುಡ್ಡೆ ಮಾಡುತ್ತಲೇ ಹೆಂಗಸರು ಗಾಡಿಗಳನ್ನೂ ಗುಡ್ಡೆ ಮಾಡಿದರು. ಸ್ವಾಮಿ ಮೈಸೂರಿನಿಂದ ಬಣ್ಣದ ಕಾಗದಗಳನ್ನು ತಂದು ನಡುಮನೆಯ ಗೋಡೆಗೆ ಅನ್ನ ಮೆತ್ತಿ ಅಂಟಿಸಿದ. ಮೂರೂ ಗಾಡಿಗಳು ಹಿಮದ ಬೆಟ್ಟದ ಮುಂದೆ ನಿಂತಿದ್ದವು. ಚಿಕ್ಕಬೀರಮ್ಮ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿ, ಸಣ್ಣದಕ್ಕೆ ಗಿಡ್ಡಿ ಎಂದು ಹೆಸರಿಟ್ಟಳು. ಅದೇ ಹೆಸರು ನಿಂತಿತು.

ಮಹದೇವಯ್ಯನವರೆಂಬ ನೆಂಟರು ತಮ್ಮ ಸುಮೋದಲ್ಲಿ ಎಲ್ಲರನ್ನೂ ಕೊಪ್ಪದ ಸಂತೆಗೆ ಕರೆದುಕೊಂಡು ಹೋಗಿ ಬಂದರು. ಸಂತೆಯ ಈರುಳ್ಳಿ ಮೂಟೆ, ಕೋಳಿ, ಬುಟ್ಟಿ ಎಲ್ಲ ಹಿಡಿದವು. ಸಣ್ಣಬೀರಯ್ಯ ಸಂತೋಷದಿಂದ ಇಳಿದ. ಹಿಂದಿನ ಸೀಟಿನಲ್ಲಿ ಅಡ್ಡಡ್ಡ ಕೂತಿದ್ದ ಕಾವ್ಯಶ್ರೀ ಇಳಿದವಳೇ ಬೇಲಿಯ ಕಡೆ ಓಡಿದಳು. ಅವಳಿಗೆ ಯಾವ ವಾಹನದಲ್ಲಾದರೂ ಹಿಂದೆ ಕೂತರೆ ವಾಂತಿ.

ಸ್ಕಾರ್ಪಿಯೋ ಇದ್ದವರು ಬ್ಯಾಂಕಿನ ಹತ್ತಿರದ ಅಂಕಯ್ಯನವರು. ಅದಕ್ಕೆ ಹತ್ತಲು ಪುಟ್ಟಸಿದ್ದಮ್ಮ ಒಂದು ಕಾಲಿಟ್ಟಳು, ಇನ್ನೊಂದು ನೆಲದಲ್ಲೇ ಉಳಿಯಿತು. ಸ್ವಾಮಿ ಹಿಂದಿನಿಂದ ತಳ್ಳಿದ. ಇಷ್ಟು ಎತ್ತರ ಹತ್ತಬೇಕಾದರೆ ನನಗೆ ತೆಂಗಿನ ಮರವೇ ಸಾಕು ಎಂದು ಆಕೆ ಅಂಕಯ್ಯನವರ ಎದುರೇ ಹೇಳಿದಳು. ಅಲ್ಲಿಗೆ ಸ್ವಾಮಿಯ ಆಸೆ ಅರ್ಧ ಹೋಯಿತು.

ಈ ನಡುವೆ ಕಾವ್ಯಶ್ರೀ ಗಿಡ್ಡಿಯ ಪರವಾಗಿ ಒಂದೊಂದೇ ಮಾತು ಹಾಕತೊಡಗಿದ್ದಳು. ಅದರ ಮೆಟ್ಟಿಲು ಅತ್ತೆಯ ಮಂಡಿಗೆ ಹದವಾಗಿದೆ. ನಮ್ಮ ಬೀದಿಯ ತಿರುವಿನಲ್ಲಿ ಸುಮೋ ಎರಡು ಸಲ ಹಿಂದೆ ಬಂದು ತಿರುಗಬೇಕು, ಇದು ಒಂದೇ ಸಲಕ್ಕೆ ಹೊರಳುತ್ತದೆ. ಹಿಂದಿನ ಸೀಟು ಮಡಿಸಿದರೆ ಒತ್ತಿ ಕಟ್ಟಿದ ಸೊಪ್ಪಿನ ಎರಡು ಬೇಲು ಕೂರುತ್ತವೆ. ಎತ್ತರ ಇರುವುದರಿಂದ ಹೊಲದ ದಾರಿಯ ನಡುವಿನ ದಿಂಡು ತಳಕ್ಕೆ ತಾಗುವುದಿಲ್ಲ. ದಿನಾ ಹತ್ತು ಜನ ಓಡಾಡುವುದಿಲ್ಲ, ಸುಮೋ ಮಾತ್ರ ದಿನಾ ಹತ್ತು ಜನರ ಡೀಸೆಲ್ಲು ಕುಡಿಯುತ್ತದೆ.

ಸಣ್ಣಬೀರಯ್ಯ ಪ್ರತಿಯೊಂದನ್ನೂ ಕೇಳಿಸಿಕೊಳ್ಳುತ್ತಿದ್ದ. ಒಮ್ಮೆ ಬೇರೆಯವರ ಎದುರಿಗೆ, ನಮ್ಮ ಸೊಸೆ ನೋಡುವಂತೆ ಗಂಡಸರೂ ನೋಡುವುದಿಲ್ಲ ಎಂದ. ಆ ರಾತ್ರಿ ಕಾವ್ಯಶ್ರೀ ಗಂಡ ಬರುವವರೆಗೆ ಕಾದು ಕೂತಳು.

"ನಾನು ಯೋಳ್ತಿರೋದೆಲ್ಲ ಸರಿ," ಎಂದಳು ಗಂಡನಿಗೆ. "ಆದ್ರೆ ಯಾಕೆ ಯೋಳ್ತಿವ್ನಿ ಅನ್ನೋದು ಸರಿಯಿಲ್ಲ. ನೀವು ಬಾಯಿ ಬುಡಿ."

ಬಿಡುತ್ತೇನೆ ಎಂದ ಚಲುವರಾಜು. ಬಿಡಲಿಲ್ಲ.

ಫೆಬ್ರವರಿಯ ಒಂದು ದಿನ ಸ್ವಾಮಿ ಗಿಡ್ಡಿಯ ಅಳತೆ ತರಲು ಮೈಸೂರಿನ ಷೋರೂಮಿಗೆ ಹೊರಟ. ಅಡಿ ಅಂಗುಲ ಎಲ್ಲ ಕಾಗದದಲ್ಲೇ ಇವೆ ಎಂದರೆ ಅಪ್ಪ ಒಪ್ಪಲಿಲ್ಲ. ಅಂಗುಲದಲ್ಲಿ ಹೇಳಿದರೆ ನನ್ನ ಕಣ್ಣಿಗೆ ಕಾಣುವುದಿಲ್ಲ, ಕಡ್ಡಿಯಲ್ಲಿ ಅಳೆದು ಬಾ ಎಂದ. ಬ್ಯಾರನ್ನಿನಲ್ಲಿ ಹಸಿ ಸೊಪ್ಪನ್ನು ಕಟ್ಟಿ ತೂಗುಹಾಕುವ ಕಡ್ಡಿ ಅದು. ಎಲ್ಲ ಕಡ್ಡಿಗಳೂ ಒಂದೇ ಉದ್ದ. ಆ ಮನೆಯಲ್ಲಿ ಚಪ್ಪರ, ಕೊಟ್ಟಿಗೆ, ಮಂಚ, ಕೊನೆಗೆ ಹುಡುಗಿ ನೋಡಲು ಹೋದಲ್ಲಿ ಅವರ ನಡುಮನೆ, ಎಲ್ಲದರ ಅಳತೆಯೂ ಅದರಲ್ಲೇ. ಸ್ವಾಮಿ ಅದನ್ನು ಬಸ್ಸಿನಲ್ಲಿ ಹಿಡಿದುಕೊಂಡು ಹೋಗಿ, ಟೈ ಕಟ್ಟಿದವರ ಎದುರಿಗೆ ಹೊಳೆಯುವ ನೆಲದ ಮೇಲೆ ಮಂಡಿಯೂರಿ ಗಾಡಿಯನ್ನು ಅಳೆದು ಬಂದ. ಉದ್ದ ಮೂರು ಕಡ್ಡಿಗೆ ಒಂದು ಗೇಣು ಕಡಿಮೆ. ಮಹದೇವಯ್ಯನವರ ಸುಮೋ ಮೂರು ಕಡ್ಡಿ ದಾಟಿ ಒಂದೂವರೆ ಗೇಣು ಹೆಚ್ಚು.

ಮಾರನೆಯ ದಿನ ಭಾನುವಾರ, ಚಲುವರಾಜುವಿನ ಅಂಗಡಿಗೆ ರಜೆ; ಬಿಸಿಲು ಇಳಿದ ಮೇಲೆ ಸಣ್ಣಬೀರಯ್ಯ ಅಂಗಳ ಗುಡಿಸಿಸಿದ. ಬ್ಯಾರನ್ನಿನಿಂದ ಒಂದು ಹೊರೆ ಕಡ್ಡಿ ಬಂತು. ಒಂದು ಕಡೆ ಸುಮೋ, ಇನ್ನೊಂದು ಕಡೆ ಗಿಡ್ಡಿ, ನೆಲದ ಮೇಲೆ ಕಡ್ಡಿಯ ಚೌಕಟ್ಟಾಗಿ ಮೂಡಿದವು. ಸ್ವಾಮಿಯನ್ನು ದನಗಳಿಗೆ ನೀರು ತೋರಿಸಲು ಕಳಿಸಿ, ಮನೆಯವರನ್ನೆಲ್ಲ ಕರೆದು ಒಳಗೆ ಕೂರಿಸತೊಡಗಿದ. ಅಲ್ಲಿಲ್ಲದವರ ಜಾಗಕ್ಕೆ ವಸ್ತುಗಳು ಬಂದವು. ರೂಪಶ್ರೀಯ ಗಂಡನ ಬದಲು ಊಟದ ಮಣೆ, ರೂಪಶ್ರೀಗೆ ಒಂದು ಕೊಡ, ಅವಳ ಮಕ್ಕಳಿಗೆ ಎರಡು ಚೊಂಬು. ಸ್ವಾಮಿಗೆ ಒಂದು ಒರಳು, ಅವನ ಮುಂದಿನ ಹೆಂಡತಿಯಾಗಿ ಒಂದು ಕುಂಬಳಕಾಯಿ.

ಹಿರಿಯಳೆಂದು ಚಿಕ್ಕಬೀರಮ್ಮನನ್ನು ಎಲ್ಲರಿಗಿಂತ ಮುಂದೆ ಕೂರಿಸಲಾಗಿತ್ತು. ಸುಮೋದಲ್ಲಿ ಎಲ್ಲರೂ ಹಿಡಿದು, ಒಂದಿಷ್ಟು ಜಾಗವೂ ಉಳಿಯಿತು. ಸಣ್ಣಬೀರಯ್ಯನ ಮುಖ ಅರಳಿತು. ಗಿಡ್ಡಿಯಲ್ಲಿ ಕೂರಿಸಿ ನೋಡಿದ. ಅದರಲ್ಲೂ ಬಹುಪಾಲು ಜನ ಹಿಡಿದರು. ಆತ ಅಚ್ಚರಿಯಿಂದ ಎರಡನ್ನೂ ಸುತ್ತು ಬಂದ. ಎಲ್ಲರನ್ನೂ ಮತ್ತೆ ಸುಮೋದಲ್ಲಿ ಕೂರಿಸಿದ. ಅಷ್ಟರಲ್ಲಿ ದನ ಹೊಡೆದುಕೊಂಡು ಬಂದ ಸ್ವಾಮಿ ಅಲ್ಲೇ ನಿಂತು, ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಪ್ಪಯ್ಯ, ನಾನು ಅಳೆದಿದ್ದು ಹೊರಗಡೆಯಿಂದ. ಅಜ್ಜಿ ಕುಂತಿರೋದು ಇಂಜಿನ್ ಒಳಗೆ."

"ಬೆಚ್ಚಗದೆ ಬುಡ್ಲಾ," ಎಂದಳು ಚಿಕ್ಕಬೀರಮ್ಮ, ಕದಲದೆ.

ಪುಟ್ಟಸಿದ್ದಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅನು ಅರ್ಥವಾಗದೆಯೂ ನಕ್ಕಳು. ಸಣ್ಣಬೀರಯ್ಯನೂ ನಕ್ಕ. ಇಂಜಿನ್ನಿನ ಜಾಗ ಬಿಟ್ಟು ಅಡ್ಡ ಒಂದು ಕಡ್ಡಿ ಇಟ್ಟು, ಎಲ್ಲರನ್ನೂ ಹಿಂದಕ್ಕೆ ಸರಿಸಿ, ತಾನು ಮುಂದೆ ಕೂತ. ಈಗ ಕುಂಬಳಕಾಯಿ ಹೊರಗೆ ಬಿತ್ತು. ಕಾವ್ಯಶ್ರೀ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಿಂದಿನ ಸಾಲಿನ ಮೂಲೆಗೆ ಸರಿದಿದ್ದಳು. ಮಾವ ಅವಳನ್ನು ಕಂಡು, ತಾನು ಕೂತಿದ್ದ ಮುಂದಿನ ಜಾಗದಿಂದ ಎದ್ದ.

"ನೀನು ಮುಂದೆ ಬಾರವ್ವ. ಹಿಂದೆ ಕುಂತ್ರೆ ನಿಂಗೆ ವಾಂತಿ ಬತ್ತದೆ. ನಾನು ಎಲ್ಲಾದ್ರೂ ಮುದುರ್ಕೊತೀನಿ."

ಕಾವ್ಯಶ್ರೀ ಎದ್ದು ಬಂದು ಮುಂದೆ ಕೂತಳು. ಮಾವ ಹಿಂದಿನ ಮೂಲೆಗೆ ಹೋಗಿ, ಕೊಡಕ್ಕೂ ಕಡ್ಡಿಗೂ ನಡುವೆ ಮಂಡಿ ಮಡಿಸಿ ಕೂತ. ಅವಳ ಎದುರಿಗೆ ಅಂಗಳದ ಮಣ್ಣು, ಅದರಾಚೆ ಬೀದಿ. ಅವಳು ತಿರುಗಿದಳು.

"ಮಾವ, ನಮ್ಮ ಮೂರು ಜನಾನ ಲೆಕ್ಕಕ್ಕೆ ಇಟ್ಕೋಬೇಡಿ."

"ಯಾಕವ್ವ? ಎಲ್ಗೋಯ್ತೀರಿ?"

"ಹುಣಸೂರಿಗೆ. ಮನೆ ನೋಡಿವಿ. ಸ್ಕೂಲು ಶುರುವಾಗೋಕ್ ಮುಂಚೆ ಓಯ್ತೀವಿ."

ಸಣ್ಣಬೀರಯ್ಯ ಮಗನ ಕಡೆ ನೋಡಿದ. ಚಲುವರಾಜು ಮಣೆಯನ್ನು ನೇರಮಾಡುತ್ತಿದ್ದ. ಪುಟ್ಟಸಿದ್ದಮ್ಮ ಎದ್ದು, ಕೊಡವನ್ನು ಸೊಂಟಕ್ಕೇರಿಸಿಕೊಂಡು ಒಳಗೆ ಹೋದಳು. ಸ್ವಾಮಿ ದನಗಳನ್ನು ಕೊಟ್ಟಿಗೆಗೆ ಹೊಡೆದ. ಸಣ್ಣಬೀರಯ್ಯ ಕಡ್ಡಿಗಳನ್ನು ಒಂದೊಂದಾಗಿ ಎತ್ತಿ, ತಾನೇ ಹೊರೆ ಕಟ್ಟಿ, ಬ್ಯಾರನ್ನಿಗೆ ಹೊತ್ತುಕೊಂಡು ಹೋದ.

ಆ ರಾತ್ರಿ ಮನೆಯಲ್ಲಿ ಯಾರೂ ಗಾಡಿಯ ಮಾತಾಡಲಿಲ್ಲ. ಹೇಳಬೇಕಾದ ಮಾತನ್ನು ಕುಂಬಳಕಾಯಿ, ಚೊಂಬುಗಳ ಮುಂದೆ ಹೇಳುವುದೇ ಎಂದು ಚಲುವರಾಜು ಹೆಂಡತಿಗೆ ಸಿಡುಕಿದ. ನೀವು ಮನುಷ್ಯರ ಮುಂದೆ ಹೇಳಿದ್ದರೆ ನಾನು ಯಾಕೆ ಹೇಳುತ್ತಿದ್ದೆ ಎಂದಳು ಅವಳು.

ಪುಟ್ಟಸಿದ್ದಮ್ಮ ಸೊಸೆಯ ಜೊತೆ ಮಾತು ಬಿಟ್ಟಳು. ಹೇಳಲೇಬೇಕಾದದ್ದನ್ನು ಅನುವಿಗೆ ಹೇಳುತ್ತಿದ್ದಳು. ನಿಮ್ಮವ್ವನಿಗೆ ಹೇಳು ಹಾಲು ಉಕ್ಕುತ್ತಿದೆ, ನಿಮ್ಮವ್ವನಿಗೆ ಹೇಳು ರಾಗಿ ಬೀಸಿಸಬೇಕು. ಅನು ಅದನ್ನು ಆಟವೆಂದುಕೊಂಡು ಎರಡು ಹೆಜ್ಜೆಯಾಚೆ ಇದ್ದವರಿಗೆ ಸುದ್ದಿ ಮುಟ್ಟಿಸುತ್ತಿದ್ದಳು. ಒಂದು ದಿನ ಹುರುಳಿಕಾಳು ಆರಿಸುವಾಗ ಅತ್ತೆಯ ತಾಳ್ಮೆ ಕೆಟ್ಟಿತು.

"ನಿಮ್ಮವ್ವಂಗೆ ಯೋಳು, ಇಲ್ಲಿ ಏನು ಕಮ್ಮಿಯಾಗಿತ್ತು ಅಂತ ಕೇಳು. ಉಣ್ಣೋಕೆ ಕಮ್ಮಿಯಾಗಿತ್ತಾ, ಉಡೋಕೆ ಕಮ್ಮಿಯಾಗಿತ್ತಾ?"

"ಏನೂ ಕಮ್ಮಿಯಾಗಿರ್ಲಿಲ್ಲ ಅತ್ತೆ. ನಿಮ್ಮ ಮಗ ಕಮ್ಮಿಯಾಗಿದ್ರು. ಕಣ್ಣಿಗೇ ಬೀಳ್ತಿರ್ಲಿಲ್ಲ."

"ನಾನೂ ಇದೇ ಮನೇಲಿ ಬದುಕಿದ್ನಲ್ಲ. ನಿಮ್ಮ ಮಾವ ಬೆಂಕಿ ಕಾಯ್ಕೊಂಡು ಬ್ಯಾರನ್ ಮುಂದೆ ಮಲಗ್ತಿದ್ರು. ನಾನು ಊರು ಬುಟ್ನಾ?"

ಬ್ಯಾರನ್ನು ಇರುವುದು ಮನೆಯ ಹಿಂದೆ, ಹುಣಸೂರಿನಲ್ಲಲ್ಲ ಎಂಬ ಮಾತು ಕಾವ್ಯಶ್ರೀಯ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ನಾಲ್ಕು ದಿನ ಕೆ.ಆರ್. ನಗರದ ತವರಿಗೆ ಹೋಗಿ ಬರಲೇ ಎಂದು ಯೋಚಿಸಿದಳು. ಈಗ ಹೋದರೆ ಮುನಿಸಿಕೊಂಡು ಹೋದಳು ಎನ್ನುತ್ತಾರೆಂದು ಅದನ್ನೂ ಬಿಟ್ಟಳು.

ಮಾವ ಮಾತು ಬಿಟ್ಟಿರಲಿಲ್ಲ. ಆದರೆ ಮೊದಲಿನಂತೆ ಏನನ್ನೂ ಕೇಳುತ್ತಿರಲಿಲ್ಲ. ಗೋಡೆಯ ಕಾಗದಗಳಲ್ಲಿ ಸ್ಕಾರ್ಪಿಯೋದ ಒಂದು ಮೂಲೆ ಬಿಟ್ಟುಕೊಂಡು ಗಾಳಿಗೆ ಪಟಪಟ ಎನ್ನುತ್ತಿತ್ತು. ಯಾರೂ ಅದನ್ನು ಒತ್ತಲಿಲ್ಲ.

ಮಾರ್ಚಿನಲ್ಲಿ ಹೊಗೆಸೊಪ್ಪಿನ ಸಸಿಮಡಿಯ ಕೆಲಸ ಶುರುವಾಯಿತು. ಒಂದು ಮಧ್ಯಾಹ್ನ ಕಾವ್ಯಶ್ರೀ ಮಡಿಯ ಹತ್ತಿರಕ್ಕೆ ಉಪ್ಸಾರು ಮುದ್ದೆ ತೆಗೆದುಕೊಂಡು ಹೋದಳು. ಸಣ್ಣಬೀರಯ್ಯ ಬೇವಿನ ಮರದ ಕೆಳಗೆ ಕೈ ತೊಳೆದು ಕೂತ. ಅರ್ಧ ಮುದ್ದೆ ಮುಗಿದ ಮೇಲೆ ತಲೆ ಎತ್ತಿದ.

"ಒಂದು ಮಾತು ಕೇಳ್ತೀನಿ, ನಿಜ ಯೋಳು. ಆ ಗಿಡ್ಡಿ ವಿಚಾರ ಅಷ್ಟೆಲ್ಲ ಯೋಳ್ದಲ್ಲ. ಅದು ಚೆನ್ನಾಗದೆ ಅಂತ ಯೋಳಿದ್ದಾ, ಬೇರೆ ಓಯ್ಬೇಕು ಅಂತ ಯೋಳಿದ್ದಾ?"

ಕಾವ್ಯಶ್ರೀ ಸಾರಿನ ಪಾತ್ರೆಯ ಮುಚ್ಚಳ ಮುಚ್ಚಿದಳು.

"ಬೇರೆ ಓಯ್ಬೇಕು ಅಂತಾನೇ ಶುರು ಮಾಡ್ದೆ ಮಾವ. ಆದ್ರೆ ಗಾಡಿ ಬಗ್ಗೆ ಒಂದು ಸುಳ್ಳೂ ಯೋಳಿಲ್ಲ. ಅತ್ತೆ ಮಂಡಿಗೆ ಅದೇ ಸರಿ."

ಆತ ಇನ್ನೊಂದು ತುತ್ತು ಮುರಿದ. ಆಮೇಲೆ, ಬೇರೆ ಯಾರೋ ಮಾರಾಟಕ್ಕೆ ತಂದ ಗಾಡಿಯ ಬಗ್ಗೆ ವಿಚಾರಿಸುವಂತೆ, ಒಂದೊಂದೇ ಕೇಳಿದ. ಹಿಂದಿನ ಬಾಗಿಲು ಮೇಲಕ್ಕೆ ಏಳುತ್ತದೋ ಪಕ್ಕಕ್ಕೆ ತೆರೆಯುತ್ತದೋ? ಹಿಂದೆ ಕೂತವರ ಕಾಲಿಗೆ ಜಾಗ ಎಷ್ಟು? ಕಿಟಕಿ ಎಲ್ಲಿಯವರೆಗೆ ಇಳಿಯುತ್ತದೆ? ಅವಳು ಗೊತ್ತಿದ್ದಕ್ಕೆ ಉತ್ತರ ಕೊಟ್ಟಳು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದಳು. ಅದರ ಕೊರತೆ ಏನು ಎಂದು ಆತ ಕೇಳಿದ. ಅಷ್ಟು ದಿನ ಯಾರೂ ಅದನ್ನು ಕೇಳಿರಲಿಲ್ಲ.

"ಎಲ್ಲರೂ ಒಟ್ಟಿಗೆ ಓಗೋಕಾಗಲ್ಲ," ಎಂದಳು.

ಸಣ್ಣಬೀರಯ್ಯ ಮಜ್ಜಿಗೆ ಕುಡಿದು ಎದ್ದ. ಮುದುಕಿಗೆ ಬಸ್ಸೇ ಬೇಕಂತೆ, ರೂಪಶ್ರೀ ವರ್ಷಕ್ಕೆ ಎರಡು ಸಲ ಬರುತ್ತಾಳೆ, ಕುಂಬಳಕಾಯಿ ಇನ್ನೂ ಗೊತ್ತಾಗಿಲ್ಲ ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಹೇಳಿ ನೀರಿನ ಕ್ಯಾನು ಎತ್ತಿಕೊಂಡು ಮಡಿಗೆ ಇಳಿದ.

ಯುಗಾದಿ ಕಳೆದ ಮೇಲೆ ಗಿಡ್ಡಿ ಬಂತು. ಬೂದು ಬಣ್ಣದ್ದು. ಸ್ವಾಮಿ ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನದಿಂದ ಅದನ್ನು ಯಾರಿಗೂ ಮುಟ್ಟಗೊಡಲಿಲ್ಲ. ಪುಟ್ಟಸಿದ್ದಮ್ಮ ಒಂದೇ ಸಲಕ್ಕೆ ಹತ್ತಿ ಕೂತಳು. ಹೇಗಿದೆ ಎಂದು ಕೇಳಿದವರಿಗೆ, ಅನುವಿನ ಕಡೆ ತಿರುಗಿ, ಹತ್ತುವುದಕ್ಕೇನೋ ಪರವಾಗಿಲ್ಲ ಎಂದಳು.

ಮೇ ಕೊನೆಯಲ್ಲಿ ಹುಣಸೂರಿಗೆ ಹೊರಡುವ ದಿನ ಬಂತು. ಸಾಮಾನು ಸಾಗಿಸಲು ಬಾಡಿಗೆಗೆ ಒಂದು ಟೆಂಪೋ ಹೇಳುತ್ತೇನೆಂದು ಚಲುವರಾಜು ಹೇಳಿದಾಗ ಸಣ್ಣಬೀರಯ್ಯ ಬೇಡವೆಂದ. ಟ್ರಾಕ್ಟರಿಗೆ ಟ್ರೈಲರು ಸಿಕ್ಕಿಸಿ, ಮಂಚ, ಬೀರು, ಎರಡು ಮೂಟೆ ರಾಗಿ, ಒಂದು ಹೊರೆ ಸೌದೆ ಹೇರಿಸಿದ. ಅಲ್ಲಿ ಗ್ಯಾಸ್ ಇದೆ ಎಂದರೆ, ನೀರು ಕಾಯಿಸುವುದಕ್ಕಾಗುತ್ತದೆ ಎಂದ. ಟ್ರಾಕ್ಟರಿಗೆ ತಾನೇ ಕೂತ. ಚಲುವರಾಜು ಹಿಂದೆ ಟ್ರೈಲರಿನಲ್ಲಿ ಬೀರುವನ್ನು ತಬ್ಬಿಕೊಂಡು ನಿಂತ.

ಗಿಡ್ಡಿಯಲ್ಲಿ ಸ್ವಾಮಿ ಸ್ಟೇರಿಂಗು ಹಿಡಿದ. ಪುಟ್ಟಸಿದ್ದಮ್ಮ ಮುಂದಿನ ಬಾಗಿಲಿನ ಹತ್ತಿರ ಬಂದು ನಿಂತು, ಸೊಸೆಯನ್ನು ಒಮ್ಮೆ ನೋಡಿದಳು. ಇವತ್ತು ನೀವೇ ಮುಂದೆ ಕೂತುಕೊಳ್ಳಿ, ನಾನು ಬೆಳಗ್ಗೆಯಿಂದ ಏನೂ ತಿಂದಿಲ್ಲ, ವಾಂತಿ ಬರುವುದಿಲ್ಲ ಎಂದು ಕಾವ್ಯಶ್ರೀ ಹಿಂದೆ ಹತ್ತಿದಳು. ಪಕ್ಕದಲ್ಲಿ ಅನು, ಅದರಾಚೆ ಚಿಕ್ಕಬೀರಮ್ಮ. ಮುದುಕಿ ಬಸ್ಸನ್ನು ಮರೆತು ಕಿಟಕಿಯ ಗಾಜನ್ನು ಇಳಿಸುವುದು ಏರಿಸುವುದು ಮಾಡುತ್ತಿದ್ದಳು.

ಊರು ದಾಟಿ ದೊಡ್ಡ ರಸ್ತೆಗೆ ಬರುತ್ತಲೇ ಸ್ವಾಮಿ ಗೇರು ಬದಲಾಯಿಸಿದ. ಗಾಡಿ ಹಗುರವಾಗಿ ಮುಂದೆ ನುಗ್ಗಿತು. ಟ್ರಾಕ್ಟರಿನ ಸದ್ದು ಹಿಂದೆ ಬಿದ್ದು, ತಿರುವಿನಲ್ಲಿ ಇಲ್ಲವಾಯಿತು.

"ಮೆಲ್ಲಗೆ ಓಗು ಸ್ವಾಮಿ," ಎಂದಳು ಕಾವ್ಯಶ್ರೀ. "ಮಾವ ಹಿಂದೆ ಬಿದ್ರು."

"ಟ್ರಾಕ್ಟರ್ ಸ್ಪೀಡಲ್ಲಿ ಓಡ್ಸೋಕೆ ಇದನ್ನ ತಂದಿದ್ದಾ ಅತ್ತಿಗೆ? ಅವರು ನಿಧಾನಕ್ಕೆ ಬತ್ತಾರೆ ಬುಡಿ."

ಪುಟ್ಟಸಿದ್ದಮ್ಮ ಮಗನ ಕೈ ಮೇಲೆ ಒಂದು ಏಟು ಹಾಕಿದಳು. ಅವನು ನಿಧಾನ ಮಾಡಿದ. ಹಿಂದಿನಿಂದ ಬಂದ ಬಸ್ಸು ಹಾರನ್ನು ಹೊಡೆದು ದಾಟಿತು, ಲಾರಿ ದಾಟಿತು, ಹಾಲಿನ ಕ್ಯಾನು ಕಟ್ಟಿಕೊಂಡ ಮೊಪೆಡ್ಡೂ ದಾಟಿ, ಸವಾರ ಹೊಸ ಗಾಡಿಯೊಳಗೆ ಏನಾಗಿದೆ ಎಂದು ಬಗ್ಗಿ ನೋಡಿ ಹೋದ. ಪುಟ್ಟಸಿದ್ದಮ್ಮ ತನ್ನ ಬದಿಯ ಕನ್ನಡಿಯಲ್ಲಿ ಬಗ್ಗಿ, ಓರೆಯಾಗಿ, ಕತ್ತು ಚಾಚಿ ಹುಡುಕಿದಳು. ಅದರಲ್ಲಿ ಹುಣಸೆ ಮರಗಳು ಮಾತ್ರ ಹಿಂದೆ ಹೋಗುತ್ತಿದ್ದವು.

"ನಂಗೆ ಇದ್ರಲ್ಲಿ ಏನೂ ಕಾಣಲ್ಲ," ಎಂದಳು. ಆಮೇಲೆ, ಅನುವನ್ನು ಕರೆಯದೆ, "ಕಾವ್ಯ, ನೀನು ಹಿಂದ್ಕೆ ತಿರುಗಿ ನೋಡ್ಕೊಂಡಿರವ್ವ. ಬತ್ತಾವ್ರಾ?"

ಕಾವ್ಯಶ್ರೀ ಸೀಟಿನ ಮೇಲೆ ಮಂಡಿಯೂರಿ, ಹಿಂದಿನ ಗಾಜಿಗೆ ಹಣೆ ಹಚ್ಚಿದಳು. ಬರಿಹೊಟ್ಟೆ ತೊಳಸತೊಡಗಿತ್ತು. ತಿರುವಿನ ಬೇಲಿಯ ಮೇಲೆ ಮೊದಲು ಬೀರುವಿನ ತುದಿ, ಆಮೇಲೆ ಅದನ್ನು ತಬ್ಬಿದ ಚಲುವರಾಜುವಿನ ತಲೆ, ಆಮೇಲೆ ಟ್ರಾಕ್ಟರಿನ ಮೇಲೆ ನೆಟ್ಟಗೆ ಕೂತ ಮಾವನ ಬಿಳಿ ಪಟ್ಟೆಯ ಟವೆಲ್ಲು ಕಾಣಿಸಿತು.

"ಬತ್ತಾವ್ರೆ ಅತ್ತೆ," ಎಂದಳು. ಹುಣಸೂರು ಸಿಗುವವರೆಗೂ ಅವಳು ಮುಂದಕ್ಕೆ ತಿರುಗಲಿಲ್ಲ.